ಪದಚರ್ಚೆ: ಅಮೆರಿಕದ ಪ್ರಾಧ್ಯಾಪಕರ ‘ಟೆನ್ಯೂರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಇಂಡಿಯಾನಾ ರಾಜ್ಯವು 2024ರಲ್ಲಿ ತನ್ನ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗಾಗಿ ತಂದ ಕಾಯಿದೆಯ ಬಗೆಗಿನ ಲೇಖನವೊಂದನ್ನು ಅನುವಾದಿಸುತ್ತಿದ್ದು, ನಾಳೆ ಸಂಜೆಯೊಳಗೆ ಅದನ್ನು ಪತ್ರಿಕೆಗೆ ಒಪ್ಪಿಸಬೇಕಾಗಿದೆ. ಮುಕ್ತ ಅಭಿವ್ಯಕ್ತಿಯನ್ನೂ ಬೌದ್ಧಿಕ ವೈವಿಧ್ಯವನ್ನೂ ಬೆಳೆಸಲಾರರೆಂದು ಆಡಳಿತ ಮಂಡಳಿಗೆ ತೋರಿದ ಅಧ್ಯಾಪಕರಿಗೆ ಟೆನ್ಯೂರ್ ಕೊಡಕೂಡದು, ಈಗಾಗಲೇ ಪಡೆದವರನ್ನೂ ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು ಎಂಬುದು ಕಾಯಿದೆಯ ಮುಖ್ಯಾಂಶ. ನಿಘಂಟುಗಳು ಟೆನ್ಯೂರ್‌ಗೆ ‘ಅಧಿಕಾರಾವಧಿ’ ಎನ್ನುತ್ತವೆ. ಅಮೆರಿಕದ ಟೆನ್ಯೂರ್ ಎಂದರೆ ಅವಧಿಯೇ ಇಲ್ಲದಿರುವುದು: ಅದನ್ನು ಪಡೆದ ಪ್ರಾಧ್ಯಾಪಕರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ‘ಅಧ್ಯಾಪಕರಿಗೆ ಅಧಿಕಾರಾವಧಿ ನೀಡಲಾಯಿತು’ ಎಂದು ಬರೆದರೆ ಅವರೇನೋ ಎರಡು ವರ್ಷಕ್ಕೆ ಕುಲಪತಿಗಳಾದರೆಂದು ಓದುಗರು ತಿಳಿದಾರು. ಬಲ್ಲವರು ಒಂದು ಪದ ಕೊಟ್ಟು ಉಪಕರಿಸಬೇಕು.

— ಅನುವಾದಕಿ, ಬೆಂಗಳೂರು

‘ಖಾಯಂ’. ಇದಕ್ಕೊಂದು ಚರ್ಚೆ ಬೇಕಾಗಿರಲಿಲ್ಲ.

— ಶಿವಮೊಗ್ಗದಿಂದ

‘ಖಾಯಂ’ ಸಲ್ಲದು. ಅದು ಅರಬ್ಬಿಯಿಂದ ಬಂದದ್ದೆಂಬುದು ನನ್ನ ಮೊದಲ ಆಕ್ಷೇಪವಾದರೂ ಅದೊಂದೇ ಆಕ್ಷೇಪವಲ್ಲ. ಜವಾನನ ಕೆಲಸವೂ ಖಾಯಂ ಆಗುತ್ತದೆ, ಆದರೆ ಯಾರೂ ಜವಾನನ ಅಭಿಪ್ರಾಯವನ್ನು ಕಾಪಾಡಲೆಂದು ಅವನನ್ನು ಖಾಯಂ ಮಾಡುವುದಿಲ್ಲ. ಪದದ ಬೇರನ್ನು ನೋಡೋಣ. ಲ್ಯಾಟಿನ್ನಿನ ‘ತೆನೆರೆ’ ಎಂದರೆ ಹಿಡಿ. ಇಂಗ್ಲಿಷ್ ಕಾನೂನಿನಲ್ಲಿ ಟೆನ್ಯೂರ್ ಮೊದಲು ಹೇಳಿದ್ದು ಭೂಮಿಯನ್ನು ಹಿಡಿದುಕೊಂಡಿರುವ ಹಕ್ಕನ್ನು. ಹುದ್ದೆಗೆ ಅದು ಹಬ್ಬಿದ್ದು ಆಮೇಲೆ. ಹುಟ್ಟುವಳಿ, ಚಳುವಳಿಗಳ ಜಾಡಿನಲ್ಲೇ ನಮ್ಮಲ್ಲಿ ‘ಹಿಡಿ’ಯಿಂದ ‘ಹಿಡುವಳಿ’ ಆಗಿದೆ, ಮತ್ತು ಅದರ ಅರ್ಥವೂ ಭೂಮಿಗೇ ಸಂಬಂಧಿಸಿದ್ದು. ಎರಡು ನುಡಿಗಳು ಒಂದನ್ನೊಂದು ಕೇಳದೆಯೇ ಒಂದೇ ಕಡೆ ಕೈಯಿಟ್ಟಿರುವಾಗ ‘ಹುದ್ದೆಯ ಹಿಡುವಳಿ’ ಎನ್ನಲು ಏನು ಅಡ್ಡಿ? 1974ರ ಭೂಸುಧಾರಣಾ ತಿದ್ದುಪಡಿಯನ್ನು ಕಂಡ ನಾಡಿನವರಿಗೆ, ಒಡೆಯ ಎಬ್ಬಿಸಲಾಗದ ಹಿಡುವಳಿ ಎಂದರೇನೆಂದು ಅಡಿಟಿಪ್ಪಣಿ ಹಾಕಿ ತಿಳಿಸಬೇಕಾಗಿಲ್ಲ.

— ಮೈಸೂರಿನಿಂದ

ಹಾಗಿದ್ದರೆ ‘ಉಂಬಳಿ’ ಎಂದೇ ಬಿಡಿ. ಟೆನ್ಯೂರನ್ನು ವಿರೋಧಿಸುವ ಶಾಸಕರ ಭಾವನೆಯೂ ಅದೇ.

— ಶಿವಮೊಗ್ಗದಿಂದ

ಮೈಸೂರಿನವರ ವ್ಯುತ್ಪತ್ತಿ ಸೊಗಸಾಗಿದೆ, ಆದರೆ ವ್ಯುತ್ಪತ್ತಿಯಿಂದ ಅರ್ಥ ನಿಲ್ಲುವುದಿಲ್ಲ. ಈ ವ್ಯವಸ್ಥೆ ಹುಟ್ಟಿದ ಸಂದರ್ಭವನ್ನೇ ನೋಡಿ. 1900ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು ಕೆಲಸ ಕಳೆದುಕೊಂಡದ್ದು, ಅವರ ಮಾತುಗಳು ಸಂಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡ್ ಅವರಿಗೆ ಹಿಡಿಸಲಿಲ್ಲವೆಂಬ ಕಾರಣಕ್ಕೆ (ಬೇಕಿದ್ದರೆ ಈ ‘ಹಿಡಿ’ಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು). ಏಷ್ಯಾದಿಂದ ಬಂದ ಕೂಲಿಕಾರರ ಬಗ್ಗೆ ರಾಸ್ ಆಡಿದ ಮಾತು ಇಂದು ನಮಗೂ ಹಿಡಿಸದು. ಆದರೂ ಅವರನ್ನು ತೆಗೆದುದನ್ನು ಪ್ರತಿಭಟಿಸಿ ಅಲ್ಲಿನ ತತ್ತ್ವಶಾಸ್ತ್ರದ ಅಧ್ಯಾಪಕ ಆರ್ಥರ್ ಲವ್‌ಜಾಯ್ ರಾಜೀನಾಮೆ ಕೊಟ್ಟು ಹೊರನಡೆದರು, ಮತ್ತು 1915ರಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರೊಡನೆ ಅಮೆರಿಕದ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದರು. ಆ ವರ್ಷ ಸಂಘ ಹೊರಡಿಸಿದ ಘೋಷಣೆಯು ಪ್ರಾಧ್ಯಾಪಕರನ್ನು ಹೋಲಿಸಿದ್ದು ಒಕ್ಕಲಿಗೆ ಅಲ್ಲ, ನ್ಯಾಯಾಧೀಶರಿಗೆ: ಅಧ್ಯಕ್ಷರು ನೇಮಿಸಿದರೂ ಫೆಡರಲ್ ನ್ಯಾಯಾಧೀಶರ ತೀರ್ಪು ಹೇಗೆ ಅಧ್ಯಕ್ಷರ ಅಂಕೆಗೆ ಒಳಪಡುವುದಿಲ್ಲವೋ ಹಾಗೆ ಪ್ರಾಧ್ಯಾಪಕರ ವಿಚಾರವೂ ಆಡಳಿತ ಮಂಡಳಿಯ ಅಂಕೆಗೆ ಒಳಪಡಬಾರದು. ಸಂಘದ 1940ರ ಹೇಳಿಕೆ ಇದಕ್ಕೆ ಏಳು ವರ್ಷ ಮೀರದ ಪರೀಕ್ಷಾವಧಿಯನ್ನು ಸೇರಿಸಿತು. ಹೀಗಿರುವಾಗ ನಾನು ‘ಸೇವಾಭದ್ರತೆ’ಯ ಕಡೆಗಿದ್ದೇನೆ. ಅದು ಸಂಸ್ಕೃತವೆಂದು ಮೈಸೂರಿನವರು ಮುನಿಸಿಕೊಳ್ಳುವುದಾದರೆ, ಅವರು ಬಳಸಿದ ‘ಆಕ್ಷೇಪ’, ‘ಅರ್ಥ’, ‘ಸಂಬಂಧ’ಗಳನ್ನು ಮೊದಲು ಹಿಂತಿರುಗಿಸಲಿ.

— ನ್ಯೂಜೆರ್ಸಿಯಿಂದ

ಸಂಸ್ಕೃತದ ಮೇಲೆ ನನಗೆ ಮುನಿಸಿಲ್ಲ. ಪದವನ್ನು ಹುಡುಕದೆ ಹೊಲಿಯುವ ಸೋಮಾರಿತನದ ಮೇಲೆ ಇದೆ. ನ್ಯಾಯಾಧೀಶರ ಹೋಲಿಕೆ ಘೋಷಣೆಯ ಆಸೆಯನ್ನು ಹೇಳುತ್ತದೆ, ನಡೆದದ್ದನ್ನಲ್ಲ. ವಿಸ್ಕಾನ್ಸಿನ್ 2015ರಲ್ಲಿ ಟೆನ್ಯೂರನ್ನು ರಾಜ್ಯದ ಶಾಸನದಿಂದಲೇ ತೆಗೆದು, ವಿಶ್ವವಿದ್ಯಾಲಯಗಳ ಆಡಳಿತ ನಡೆಸುವ ರೀಜೆಂಟರ ಮಂಡಳಿ ಮಾಡುವ ನಿಯಮಕ್ಕೆ ಬಿಟ್ಟಿತು. ಹಿಡುವಳಿಯ ಷರತ್ತನ್ನು ಒಡೆಯನೇ ಬರೆದುಕೊಳ್ಳುವುದೆಂದರೆ ಇದೇ ಅಲ್ಲವೇ? ಟೆಕ್ಸಾಸ್ 2023ರಲ್ಲಿ ತದ್ವಿರುದ್ಧ ಹಾದಿ ಹಿಡಿಯಿತು: ಹೊಸಬರಿಗೆ ಟೆನ್ಯೂರ್ ಬೇಡವೆಂದು ಸೆನೆಟ್ ಒಪ್ಪಿದ್ದ ಮಸೂದೆ ಕೆಳಮನೆಯಲ್ಲಿ ತಿರುಗಿ, ಟೆನ್ಯೂರನ್ನು ಉಳಿಸಿ ಅದರ ವ್ಯಾಖ್ಯೆಯನ್ನೂ ವಜಾ ಮಾಡುವ ಕಾರಣಗಳನ್ನೂ ಶಾಸನದಲ್ಲೇ ಬರೆಯಿತು. ಇನ್ನು ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳೋಣವೆಂದು ಯಾರಾದರೂ ಹೇಳುವ ಮುನ್ನ ಒಂದು ಮಾತು. ‘ವಕೀಲ’, ‘ಕಚೇರಿ’, ‘ಜಮೀನು’ ನಮ್ಮವಾದದ್ದು ಆ ವಸ್ತುಗಳು ನಮ್ಮ ಊರಿಗೆ ಬಂದು ನಿಂತ ಮೇಲೆ. ಟೆನ್ಯೂರ್ ಎಂಬ ಪದಾರ್ಥವೇ ಇನ್ನೂ ಇಲ್ಲಿಗೆ ಬಂದಿಲ್ಲ. ಬರೀ ಪದವನ್ನು ಕರೆತಂದರೆ ಅದು ಯಾರ ಮನೆಯಲ್ಲಿ ಇಳಿದುಕೊಳ್ಳಬೇಕು?

— ಮೈಸೂರಿನಿಂದ

‘ಸೇವಾಭದ್ರತೆ’ ಬೇಡವಾದರೆ, ಬಾರದ ವಸ್ತುವಿಗೆ ಹೊರಗಿನ ಹೆಸರೇ ಪ್ರಾಮಾಣಿಕ. ಇಗ್ಲೂಗೆ ನಾವು ‘ಹಿಮಗುಡಿಸಲು’ ಎಂದು ಹಟ ಹಿಡಿದವರಲ್ಲ.

— ನ್ಯೂಜೆರ್ಸಿಯಿಂದ

ಎಲ್ಲರಿಗೂ ವಂದನೆಗಳು. ‘ಹಿಡುವಳಿ’ಯನ್ನು ಬಿಡಲು ನನಗೆ ಮನಸ್ಸಿರಲಿಲ್ಲ, ಆದರೆ ಲೇಖನದ ಎರಡನೆಯ ಪುಟದಲ್ಲಿ ವಿಶ್ವವಿದ್ಯಾಲಯದ ಕೃಷಿಭೂಮಿಯ ಪ್ರಸ್ತಾಪ ಬರುವುದರಿಂದ ಗೊಂದಲವಾದೀತೆಂದು ಹೆದರಿ, ಮೊದಲ ಸಲ ‘ಟೆನ್ಯೂರ್, ಅಂದರೆ ಸಕಾರಣವಿಲ್ಲದೆ ತೆಗೆಯಲಾಗದಂಥ ಅವಧಿರಹಿತ ನೇಮಕ’ ಎಂದು ಬರೆದು, ಮುಂದೆ ‘ಟೆನ್ಯೂರ್’ ಎಂದೇ ಉಳಿಸಿ ಕಳುಹಿಸಿದ್ದೇನೆ. ಅದೇ ಕಾಯಿದೆಯಲ್ಲಿ ಬರುವ ‘ಫ್ರೀ ಇನ್‌ಕ್ವೈರಿ’ಯನ್ನು ಮಾತ್ರ ನಿಮ್ಮನ್ನು ಕೇಳದೆಯೇ ‘ನಿರ್ಬಂಧವಿಲ್ಲದ ಜಿಜ್ಞಾಸೆ’ ಎಂದು ಮಾಡಿದ್ದೇನೆ. ಮೊದಲ ಕರಡಿನಲ್ಲಿ ‘ಮುಕ್ತ ವಿಚಾರಣೆ’ ಎಂದಿದ್ದುದನ್ನು ಓದಿದ ನಮ್ಮ ಮನೆಯವರು, ಆ ಪ್ರಾಧ್ಯಾಪಕರ ಮೇಲೆ ಯಾವ ಮೊಕದ್ದಮೆ ನಡೆಯುತ್ತಿದೆ ಎಂದು ಕೇಳಿದರು.

— ಅನುವಾದಕಿ, ಬೆಂಗಳೂರು