ಮೂರು ಕಂತು ಒಟ್ಟಿಗೆ ಬಿದ್ದರೆ ಮಿಕ್ಸಿ

“ಬಂತಾ?”

“ಇಲ್ಲ. ನಿಮಗೆ?”

“ನಮಗೂ ಇಲ್ಲ. ಹಿಂದಿನ ಬೀದಿಯವರಿಗೆ ಬಂದಿದೆಯಂತೆ.”

ಏನು ಬಂತು ಅಂತ ಕರ್ನಾಟಕದಲ್ಲಿ ಯಾರೂ ಕೇಳುವುದಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ನೇರ ಅವಳ ಖಾತೆಗೆ. ಅವತ್ತಿನಿಂದ “ಊಟ ಆಯ್ತಾ?” ಅನ್ನುವುದಕ್ಕಿಂತ “ಬಂತಾ?” ಜಾಸ್ತಿ ಕೇಳಿಸುತ್ತಿದೆ.

ನಮ್ಮ ಟೀ ಅಂಗಡಿಯಲ್ಲೂ ಅದೇ ಮಾತು. ಯೋಜನೆ ಬಗ್ಗೆ ಭಾಷಣ ಹೊಡೆಯುವವರೆಲ್ಲ ಗಂಡಸರು: ಪೆನ್ಷನ್ ಮೇಷ್ಟ್ರು, ಆಟೋದವನು, ಗಾರೆ ಕೆಲಸದವನು ಮತ್ತು ನಾನು. ದುಡ್ಡು ಬರುವುದು ಟೀ ಕಾಯಿಸುವ ಅಕ್ಕನಿಗೆ ಮಾತ್ರ. ಅವಳಿಗೆ ಭಾಷಣಕ್ಕೆ ಪುರುಸೊತ್ತಿಲ್ಲ.

ಮೇಷ್ಟ್ರು ಎಂದಿನಂತೆ ಶುರು ಮಾಡಿದರು. “ಬಿಟ್ಟಿ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ.”

“ದಿನಕ್ಕೆ 66 ರೂಪಾಯಿ ಬೀಳುತ್ತದೆ ಮೇಷ್ಟ್ರೇ,” ಅಂದಳು ಅಕ್ಕ, ಟೀ ಸೋಸುತ್ತಾ. “ಅಷ್ಟರಲ್ಲಿ ಸೋಮಾರಿಯಾಗುವುದು ಹೇಗೆ ಅಂತ ಹೇಳಿಕೊಡಿ. ನಾಳೆಯಿಂದಲೇ ಅಂಗಡಿ ಮುಚ್ಚುತ್ತೇನೆ.”

ಆಟೋದವನ ಗೋಳೇ ಬೇರೆ. “2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಮಾಡಿದರು, ನನ್ನ ಗಿರಾಕಿ ಹೋಯಿತು. ಆಮೇಲೆ ಹೆಂಡತಿ ಖಾತೆಗೆ ದುಡ್ಡು ಹಾಕಿದರು, ನನ್ನ ಮರ್ಯಾದೆ ಹೋಯಿತು. ಮೊದಲು ಅವಳು ಕೇಳುತ್ತಿದ್ದಳು, ನಾನು ಲೆಕ್ಕ ಕೇಳುತ್ತಿದ್ದೆ. ಈಗ ಆಟೋ ಇನ್ಶೂರೆನ್ಸ್‌ಗೆ ನಾನು ಕೇಳಬೇಕು, ಅವಳು ಲೆಕ್ಕ ಕೇಳುತ್ತಾಳೆ.”

“ಕೊಟ್ಟಳಾ?”

“ಕೊಟ್ಟಳು. ಎರಡು ರೂಪಾಯಿ ಬಡ್ಡಿಗೆ.”

“ಗಂಡನಿಗೂ ಬಡ್ಡಿನಾ?”

“ಹೊರಗೆ ಐದು ನಡೀತಿದೆ ಸ್ವಾಮಿ. ಅನ್ಯಾಯ ಅನ್ನೋಕಾಗಲ್ಲ.”

ಗಾರೆಯವನದು ಇನ್ನೂ ಚೆನ್ನಾಗಿದೆ. ಅವನ ಹೆಂಡತಿಗೆ ಶುರುವಿನಲ್ಲಿ ದುಡ್ಡೇ ಬರಲಿಲ್ಲ. ಸೈಬರ್ ಸೆಂಟರ್‌ಗೆ ಅಲೆದಳು, ಇ-ಕೆವೈಸಿ ಮಾಡಿಸಿದಳು, ಬೆರಳಚ್ಚು ಕೊಟ್ಟಳು. ಈ ದುಡ್ಡು ನಾವು ತೋರಿಸಿದ ಪಾಸ್‌ಬುಕ್ಕಿಗೆ ಹೋಗುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅವಳದು ಎಂದೋ ತೆರೆದು ಮರೆತುಹೋದ ಖಾತೆಗೆ ಸದ್ದಿಲ್ಲದೆ ಬೀಳುತ್ತಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗಲೇ ಗೊತ್ತಾಗಿದ್ದು.

“ಎಷ್ಟಿತ್ತು?” ಅಂತ ಮೂವರೂ ಒಟ್ಟಿಗೆ ಕೇಳಿದೆವು.

“ಅದನ್ನೇ ಹೇಳುತ್ತಿಲ್ಲ. ಅವತ್ತಿನಿಂದ ಸುಮ್ನೆ ನಗುತ್ತಾಳೆ.”

ಮೇಷ್ಟ್ರು ಪಟ್ಟು ಬಿಡಲಿಲ್ಲ. “ಅದಿರಲಿ, 2,000ದಲ್ಲಿ ಅಂಥ ಬದಲಾವಣೆ ಏನಾಗಿದೆ ಹೇಳಿ.”

ಅಕ್ಕ ಸೌಟು ಕೆಳಗಿಟ್ಟಳು. “ನೀವು ಯಾವತ್ತಾದರೂ ಸಾಲದಲ್ಲಿ ಬೇಳೆ ತಂದಿದ್ದೀರಾ?”

ಇಲ್ಲ ಅಂತ ತಲೆಯಾಡಿಸಿದರು.

“ಅಂಗಡಿಯಲ್ಲಿ ಉದ್ದನೆಯ ಪುಸ್ತಕ ಇರುತ್ತದೆ. ಮೇಲೆ ನಮ್ಮ ಹೆಸರು, ಕೆಳಗೆ ಎಣ್ಣೆ ಅರ್ಧ, ಬೇಳೆ ಕಾಲು, ಸೋಪು ಒಂದು. ತೂಗುವುದು ಅವನು, ಬರೆಯುವುದೂ ಅವನೇ. ಬೇಳೆಯಲ್ಲಿ ಹುಳ ಇದ್ದರೂ ತೆಪ್ಪಗೆ ತರಬೇಕು. ಬಾಯಿಬಿಟ್ಟರೆ ‘ಹಳೇ ಬಾಕಿ ಯಾವಾಗ?’ ಅಂತಾನೆ, ಅದೂ ನಾಲ್ಕು ಜನ ನಿಂತಿರುವಾಗ. ಕೈಯಲ್ಲಿ ನೋಟಿದ್ದರೆ ‘ಇದು ಬೇಡ, ಒಳಗಿನ ಮೂಟೆಯದು ತೂಗಿ’ ಅನ್ನಬಹುದು. ಮೊದಲ ಸಲ ಹಾಗಂದಾಗ ಅವನು ನನ್ನ ಮುಖವನ್ನೇ ನೋಡಿದ.”

“ಕೊಟ್ಟನಾ?”

“ಕೊಟ್ಟ. ಕೊತ್ತಂಬರಿ ಸೊಪ್ಪು ಬೇರೆ ಪುಕ್ಕಟೆ.”

ನಾನು ಬಾಯಿ ಹಾಕಿದೆ. “ಸಂಘದ ಕಂತಿಗೂ ಅನುಕೂಲ, ಅಲ್ವಾ?”

“ಸಂಘದವರು ವಾರ ವಾರ ಬಂದು ಕೂರುತ್ತಾರೆ. ಸರ್ಕಾರ ಮೂರು ತಿಂಗಳಿಗೊಮ್ಮೆ ಬರುತ್ತದೆ. ಅವರಿಬ್ಬರನ್ನೂ ಒಂದೇ ದಿನ ಕರೆಸುವುದು ಹೇಗೆ ಹೇಳು?”

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ತಿಂಗಳ ದುಡ್ಡು ತಿಂಗಳಿಗೆ ಬಂದರೆ ಎಣ್ಣೆ, ತರಕಾರಿ, ಮಗಳ ಟ್ಯೂಷನ್ ಫೀಸು ಅಂತ ಕರಗುತ್ತದೆ. ಇಷ್ಟು ಬರುತ್ತದೆ ಅಂತ ನಂಬಿ ಚೀಟಿ ಹಾಕಬಹುದು. ತಡವಾಗಿ ಮೂರು ಕಂತು ಒಟ್ಟಿಗೆ ಬಿದ್ದರೆ ಅದು ಬೇರೆಯೇ ದುಡ್ಡು. ಅಷ್ಟರಲ್ಲಿ ಅಂಗಡಿ ಸಾಲ ಬೆಳೆದಿರುತ್ತದೆ, ಅರ್ಧ ಅಲ್ಲಿಗೆ. ಉಳಿದದ್ದನ್ನು ಚಿಲ್ಲರೆಯಾಗಿ ಒಡೆಯಲು ಮನಸ್ಸು ಬರುವುದಿಲ್ಲ. ಮಿಕ್ಸಿ ಬರುತ್ತದೆ.

“ನಮ್ಮನೆಯಲ್ಲೂ ಮಿಕ್ಸಿ,” ಅಂದ ಆಟೋದವನು.

“ನಮ್ಮನೆಯಲ್ಲಿ ಕುಕ್ಕರ್,” ಅಂದ ಗಾರೆಯವನು. ಆಮೇಲೆ ಏನೋ ಹೊಳೆದು, “ಹಾಗಾದರೆ ಆ ಖಾತೆಯಲ್ಲಿ ಕುಕ್ಕರ್‌ಗಿಂತ ಜಾಸ್ತಿಯೇ ಇತ್ತು!” ಅಂತ ಹಣೆ ಚಚ್ಚಿಕೊಂಡ.

ಪೇಪರಿನವರೂ ಇಂಥದ್ದನ್ನೇ ಬರೆಯುತ್ತಾರೆ. ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಕೂಡಿಟ್ಟ ದುಡ್ಡಿನಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಗಜೇಂದ್ರಗಡದಲ್ಲಿ ಅತ್ತೆ-ಸೊಸೆ ಸೇರಿ ಬೋರ್‌ವೆಲ್ ಕೊರೆಸಿದರು. ನನಗೆ ಬೋರ್‌ವೆಲ್‌ಗಿಂತ ಹೋಳಿಗೆಯೇ ಇಷ್ಟ. ಬದುಕೆಲ್ಲ ಬೇರೆಯವರ ಮನೆ ಪಂಕ್ತಿಯಲ್ಲಿ ಕೂತವರಿಗೆ ಒಂದು ಸಲ ತಾನೇ ನಿಂತು ಬಡಿಸಬೇಕು ಅನಿಸಬಾರದೇ? ಅರ್ಧ ಲೀಟರ್ ಎಣ್ಣೆಯ ಫೋಟೋ ಮಾತ್ರ ಯಾರೂ ಹಾಕಲಿಲ್ಲ.

“ಅತ್ತೆ-ಸೊಸೆ ಸೇರಿ ಬೋರ್‌ವೆಲ್ಲಾ?” ಅಂದ ಆಟೋದವನು. “ನಮ್ಮನೆಯಲ್ಲಿ ಒಂದೇ ರೇಷನ್ ಕಾರ್ಡಿತ್ತು. ಯಜಮಾನಿ ಅಂತ ಅಮ್ಮನ ಹೆಸರು. ಅರ್ಜಿ ಶುರುವಾದ ವಾರವೇ ಹೆಂಡತಿ ಬೇರೆ ಕಾರ್ಡು ಬೇಕು ಅಂದಳು.”

2013ರ ಆಹಾರ ಭದ್ರತಾ ಕಾಯ್ದೆಯೇ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸು ಮುಖ್ಯಸ್ಥೆ ಅನ್ನುತ್ತದೆ. ಹತ್ತು ವರ್ಷ ಅದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. 2,000 ರೂಪಾಯಿ ಬಂದಮೇಲೆ ಎಲ್ಲರಿಗೂ ಕಾನೂನು ಬಾಯಿಪಾಠ.

ಮೇಷ್ಟ್ರು ಇನ್ನೊಂದು ಬಾಣ ಬಿಟ್ಟರು. “ದುಡ್ಡಿನ ಬದಲು ಸಾಮಾನೇ ಕೊಡಬಹುದಲ್ಲ?”

“ಅದನ್ನೂ ನೋಡಿದ್ದೇವೆ,” ಅಂದಳು ಅಕ್ಕ. ನಿಜ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ, 2023ರ ಜುಲೈನಿಂದ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಹಾಕಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಗೇ ಬಂದರು. “ಅಕ್ಕಿ ಬೇಡ ಅನ್ನಲ್ಲ. ಆದರೆ ಅಕ್ಕಿ ಹಾಕಿ ಅಕ್ಕಿ ಬೇಯಿಸೋಕಾಗುತ್ತಾ? ಗ್ಯಾಸು ಬೇಕು, ಬೇಳೆ ಬೇಕು. ಮಗನಿಗೆ ಜ್ವರ ಬಂದರೆ ಡಾಕ್ಟರು ಅಕ್ಕಿ ತಗೊಳ್ಳಲ್ಲ.”

ಗಾರೆಯವನು ಮೆಲ್ಲಗೆ ಕೇಳಿದ. “ಮೇಷ್ಟ್ರೇ, ನಿಮ್ಮ ಪೆನ್ಷನ್ ಮೂರು ತಿಂಗಳು ತಡವಾದರೆ?”

“ಧರಣಿ ಕೂರುತ್ತೇವೆ!”

“ಸರಿ. ನಿಮ್ಮ ಮನೆಯವರಿಗೆ ಗೃಹಲಕ್ಷ್ಮಿ ಬರುತ್ತಾ?”

ಮೇಷ್ಟ್ರ ಮುಖ ಸಪ್ಪಗಾಯಿತು. ಗಂಡ ಆದಾಯ ತೆರಿಗೆ ಕಟ್ಟಿದರೆ, ಜಿಎಸ್‌ಟಿ ರಿಟರ್ನ್ ಹಾಕಿದರೆ ಹೆಂಡತಿಗಿಲ್ಲ. “ಅದನ್ನೇ ದಿನಾ ಎತ್ತಿ ಆಡುತ್ತಾಳೆ. ‘ನಿಮ್ಮನ್ನು ಕಟ್ಟಿಕೊಂಡು ನನಗೆ ತಿಂಗಳಿಗೆ ಎರಡು ಸಾವಿರ ನಷ್ಟ’ ಅಂತ. ಕಾಟ ತಡೆಯಲಾರದೆ ನಾನೇ ಅವಳ ಖಾತೆಗೆ ಹಾಕುತ್ತೇನೆ ಅಂತ ಒಪ್ಪಿಕೊಂಡೆ.”

“ತಿಂಗಳು ತಿಂಗಳು ಸರಿಯಾಗಿ ಹಾಕುತ್ತೀರಾ?” ಅಕ್ಕ ಕೇಳಿದಳು.

ಮೇಷ್ಟ್ರು ಲೋಟದ ತಳ ನೋಡಿದರು. “ಮೂರು ತಿಂಗಳದ್ದು ಬಾಕಿ ಇದೆ.”

“ಯಾಕೆ?”

“ತಾಂತ್ರಿಕ ಕಾರಣ.”