ಸಹಾಯ ಬೇಕು: ಪವರ್ ಬಿಐ ಕ್ಯಾಲ್ಕ್ಯುಲೇಟೆಡ್ ಕಾಲಂನಲ್ಲಿ ಖಾಲಿ ಸೆಲ್‌ಗಳ ಸಮಸ್ಯೆ

ಎಲ್ಲರಿಗೂ ನಮಸ್ಕಾರ. ಡ್ಯಾಕ್ಸ್ (ಡೇಟಾ ವರದಿ ತಯಾರಿಸುವ ತಂತ್ರಾಂಶ ಪವರ್ ಬಿಐನ ಫಾರ್ಮುಲಾ ಭಾಷೆ) ಚೆನ್ನಾಗಿ ಬಲ್ಲವರು ದಯವಿಟ್ಟು ಸ್ವಲ್ಪ ನೋಡಿ.

ಆರ್ಡರ್ ಟೇಬಲ್‌ನಲ್ಲಿ 'ವಿಳಂಬ' ಅಂತ ಒಂದು ಕಾಲಂ ಇದೆ, ಎಷ್ಟು ದಿನ ತಡವಾಯಿತು ಅನ್ನೋ ಸಂಖ್ಯೆ. ಇನ್ನೂ ತಲುಪದ ಆರ್ಡರ್‌ಗಳಿಗೆ ಅದು ಖಾಲಿ. ಮೊದಲಿಗೆ ಬರೆದದ್ದು ಇಷ್ಟೇ:

ಇಫ್([ವಿಳಂಬ] <= 0, "ಸಮಯಕ್ಕೆ", "ತಡ")

ತಲುಪದೇ ಇರುವ ಆರ್ಡರ್‌ಗಳೆಲ್ಲ "ಸಮಯಕ್ಕೆ" ಅಂತ ಬಂದವು. ಹೋಲಿಕೆ ಮಾಡುವಾಗ ಡ್ಯಾಕ್ಸ್ ಖಾಲಿಯನ್ನು ಸೊನ್ನೆ ಅಂತಲೇ ಪರಿಗಣಿಸುತ್ತದಲ್ಲ, ಅದೇ ಕಾರಣ. ಷರತ್ತುಗಳನ್ನು ಮೇಲಿನಿಂದ ಒಂದೊಂದಾಗಿ ನೋಡುವ ಸ್ವಿಚ್ ಟ್ರೂ ಬಳಸಿ, ಸೆಲ್ ಖಾಲಿಯೇ ಅಂತ ನೋಡುವ ಇಸ್‌ಬ್ಲ್ಯಾಂಕ್ ಷರತ್ತನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ, ಅದು ಸರಿಹೋಯಿತು.

ಸಿಕ್ಕಿಹಾಕಿಕೊಂಡಿರುವುದು ಮುಂದಿನ ಹಂತದಲ್ಲಿ. ಇನ್ನೊಂದು ಕಾಲಂನಲ್ಲಿ ದಿನಗಳ ಸಂಖ್ಯೆ ಇದ್ದರೆ ಸಂಖ್ಯೆ, ಇಲ್ಲದಿದ್ದರೆ "ಬಾಕಿ" ಅಂತ ತೋರಿಸಬೇಕು. ಸಂಖ್ಯೆ, ಪಠ್ಯ ಎರಡನ್ನೂ ಒಂದೇ ಇಫ್‌ನಲ್ಲಿ ಕೊಟ್ಟರೆ ವೇರಿಯಂಟ್ ಡೇಟಾ ಟೈಪ್ ಎರರ್ (ಒಂದೇ ಕಾಲಂನಲ್ಲಿ ಎರಡು ಬಗೆಯ ಡೇಟಾ ಇರುವಂತಿಲ್ಲ ಅಂತ). ಫಾರ್ಮ್ಯಾಟ್ ಫಂಕ್ಷನ್ ಹಾಕಿ ಎಲ್ಲವನ್ನೂ ಪಠ್ಯ ಮಾಡಿದರೆ ಎರರ್ ಹೋಗುತ್ತೆ, ಆದರೆ ಸಾರ್ಟ್ ಮಾಡಿದಾಗ 2ಕ್ಕಿಂತ ಮೊದಲು 10 ಬರುತ್ತೆ. ಬೇರೆ ಕಾಲಂನ ಕ್ರಮದಲ್ಲಿ ಜೋಡಿಸುವ 'ಸಾರ್ಟ್ ಬೈ ಕಾಲಂ' ಆಯ್ಕೆಯಲ್ಲಿ 'ವಿಳಂಬ' ಆರಿಸಿದರೆ ಸರ್ಕ್ಯುಲರ್ ಡಿಪೆಂಡೆನ್ಸಿ (ಎರಡು ಕಾಲಂ ಒಂದನ್ನೊಂದು ಅವಲಂಬಿಸಿವೆ) ಅನ್ನುತ್ತೆ, ಯಾಕೆಂದರೆ ಹೊಸ ಕಾಲಂ ಹುಟ್ಟಿದ್ದೇ ಅದರಿಂದ.

ಈ ಕಾಲಂ ಅನ್ನು ಪವರ್ ಕ್ವೆರಿಯಲ್ಲೇ (ಡೇಟಾ ಲೋಡ್ ಆಗುವ ಮೊದಲು ಅದನ್ನು ಸಿದ್ಧಪಡಿಸುವ ಭಾಗ) ಮಾಡಿಕೊಳ್ಳುವುದು ಸರಿಯಾ? ಅಥವಾ ಸಂಖ್ಯೆಯ ಕಾಲಂ ಹಾಗೇ ಬಿಟ್ಟು, "ಬಾಕಿ" ಅನ್ನೋದನ್ನು ಮೆಷರ್‌ನಲ್ಲಿ (ವರದಿ ತೋರಿಸುವಾಗ ಲೆಕ್ಕ ಹಾಕುವ ಫಾರ್ಮುಲಾ) ತೋರಿಸಬೇಕಾ? ಸರಾಸರಿ ಲೆಕ್ಕಕ್ಕೆ ಸಂಖ್ಯೆ ಸಂಖ್ಯೆಯಾಗಿಯೇ ಉಳಿಯಬೇಕು, ಅದನ್ನು ಮಾತ್ರ ಬಿಟ್ಟುಕೊಡುವಂತಿಲ್ಲ. ಇಂಥದ್ದನ್ನು ಮಾಡಿದವರು ಫಾರ್ಮುಲಾ ಸಮೇತ ತಿಳಿಸಿದರೆ ತುಂಬಾ ಉಪಕಾರ.