ತುಕ್ಕು ಹಿಡಿದ ತೋಟಾವೋ, ತುಕ್ಕು ಹಿಡಿಸುವ ತೋಟಾವೋ?

ನಮಸ್ಕಾರ. ಮೊಸಿನ್-ನಾಗಾಂಟ್, ಎಸ್‌ಕೆಎಸ್‌ನಂಥ ಹಳೇ ಸೇನಾ ರೈಫಲ್‌ಗಳನ್ನು ಶುಚಿ ಮಾಡುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಪುಟಕ್ಕೆರಡು ಸಲ ಬರುವ 'ಕರೋಸಿವ್ ಅಮ್ಯುನಿಷನ್', ಅಂದರೆ ಹಾರಿಸಿದ ಮೇಲೆ ರೈಫಲ್ಲಿನ ನಳಿಗೆಗೆ ತುಕ್ಕು ಹಿಡಿಸುವ ತೋಟಾ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂಬುದು ನನ್ನನ್ನು ವಾರದಿಂದ ಕಾಡುತ್ತಿದೆ.

'ನಾಶಕಾರಿ ಮದ್ದುಗುಂಡು' ಎಂದು ಬರೆದು ನಾನೇ ನಕ್ಕೆ. ನಾಶ ಮಾಡದ ಮದ್ದುಗುಂಡು ಯಾವುದಿದೆ? 'ಸಂಕ್ಷಾರಕ' ಎಂದರೆ ಓದುಗರಿಗೆ ಆಸಿಡ್ ನೆನಪಾಗುತ್ತದೆ, ಇಲ್ಲಿ ಆಸಿಡ್ ಇಲ್ಲವೇ ಇಲ್ಲ. ತೋಟಾದ ಬುಡದಲ್ಲಿದ್ದು ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿನಲ್ಲಿ, ಅಂದರೆ ಕೋವಿ ಬಲ್ಲವರು ಕೇಪು ಅನ್ನುವುದರಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದು ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ನಳಿಗೆಯೊಳಗೆ ಕೂತ ಈ ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಹವೆಯಲ್ಲಿ ತೇವ ಹೆಚ್ಚಿದ್ದರೆ ಬೆಳಗಾಗುವುದರೊಳಗೆ ಉಕ್ಕಿಗೆ ತುಕ್ಕು. ನೋಡಿದರೆ ತಪ್ಪು ಮದ್ದಿನದೂ ಅಲ್ಲ, ಗುಂಡಿನದೂ ಅಲ್ಲ, ಕೇಪಿನದು. ಹಾಗಾಗಿ 'ಮದ್ದುಗುಂಡು' ಬಿಟ್ಟು 'ತೋಟಾ' ಹಿಡಿದೆ.

'ತುಕ್ಕು ಹಿಡಿಸುವ ತೋಟಾ' ಎಂದರೆ ಅರ್ಥವೇನೋ ಸರಿ. ಆದರೆ ಕರಡು ಓದಿದ ಗೆಳೆಯರು ಅದನ್ನು 'ತುಕ್ಕು ಹಿಡಿದ ತೋಟಾ' ಎಂದೇ ಓದಿಕೊಂಡು, ಹಾಳಾದದ್ದನ್ನು ಯಾಕೆ ಹಾರಿಸಬೇಕು ಎಂದು ಕೇಳಿದರು. ತೋಟಾ ಫಳಫಳ ಹೊಳೆಯುತ್ತಿದ್ದರೂ ಕೇಪು ಹಳೇ ಬಗೆಯದಿರಬಹುದು. ಅಲ್ಲದೆ ಹಿತ್ತಾಳೆಯ ತೋಟಾಕ್ಕೆ ಹಿಡಿಯುವುದು ಕಿಲುಬು, ತುಕ್ಕಲ್ಲ. ಇಂಗ್ಲಿಷಿನ 'ಕರೋಷನ್' ಎಂಬ ಒಂದೇ ಮಾತನ್ನು ಕನ್ನಡ ಲೋಹ ನೋಡಿ ಎರಡು ಮಾಡಿಕೊಂಡಿದೆ, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. 'ಕೊರೆತ'ವನ್ನೂ ಇಲ್ಲಿ ಬಳಸಲಾರೆ. ಬಿಸಿ ಅನಿಲದ ಹೊಡೆತಕ್ಕೆ ನಳಿಗೆ ಸವೆಯುವುದು ಬೇರೆಯೇ ಸಂಗತಿ, ಆ ಪದ ಅದಕ್ಕಿರಲಿ.

ಇನ್ನೊಂದು ತೊಡಕು 'ನ್ಯೂಟ್ರಲೈಸ್'. ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರವ ಉಪ್ಪನ್ನು ನ್ಯೂಟ್ರಲೈಸ್ ಮಾಡುತ್ತದೆ ಎಂದು ಮೂಲದಲ್ಲಿದೆ. 'ತಟಸ್ಥಗೊಳಿಸು' ಎಂದು ಬರೆದರೆ ಮೂಲದ ತಪ್ಪು ಕನ್ನಡದಲ್ಲೂ ನಿಲ್ಲುತ್ತದೆ. ಈ ಉಪ್ಪು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಕೆಲಸ ಮಾಡುವುದು ಆ ದ್ರವದಲ್ಲಿರುವ ನೀರು. .303 ರೈಫಲ್‌ ಹಿಡಿದ ಬ್ರಿಟಿಷ್ ಸಿಪಾಯಿಗಳು ಆಲಿಕೆ ಇಟ್ಟು ಕುದಿನೀರನ್ನೇ ಹೊಯ್ಯುತ್ತಿದ್ದರು. ಆದ್ದರಿಂದ 'ಕರಗಿಸಿ ತೊಳೆ' ಎಂದು ಹಾಕಿದ್ದೇನೆ: ಬಿಸಿನೀರು ಹೊಯ್ದು, ಗಜಕ್ಕೆ ಚಿಂದಿ ಸಿಕ್ಕಿಸಿ ಒರೆಸಿ, ಒಣಗಿಸಿ, ಆಮೇಲೆ ಎಣ್ಣೆ. ಎಸ್‌ಕೆಎಸ್‌ನಲ್ಲಿ ಉರಿದ ಮದ್ದಿನ ಅನಿಲ ನುಗ್ಗುವ ಕೊಳವೆ, ಪಿಸ್ಟನ್ನಿಗೂ ಇದೇ ಉಪಚಾರ. ಎಣ್ಣೆಯಲ್ಲಿ ಉಪ್ಪು ಕರಗದು. ತೊಳೆಯದೆ ಸವರಿದರೆ ಎಣ್ಣೆಯಡಿಯಲ್ಲೇ ತುಕ್ಕು ಏಳುತ್ತದೆ.



ಕೊನೆಗೆ ನನಗೆ ಹೊಳೆದದ್ದು 'ಉಪ್ಪುಗೇಪಿನ ತೋಟಾ'. ತುಕ್ಕಿನ ಬದಲು ತುಕ್ಕಿನ ಕಾರಣವೇ ಹೆಸರಾದರೆ ನೀರು ಯಾಕೆ ಬೇಕು ಎಂದು ಬೇರೆ ಹೇಳಬೇಕಿಲ್ಲ. ಕ್ಲೋರೇಟಿನ ಬದಲು ಸೀಸದ ಸ್ಟಿಫ್ನೇಟ್ ಎಂಬ ಸಿಡಿಯುವ ವಸ್ತು ಬಳಸುವ ಈಚಿನ ತೋಟಾಗಳು 'ಉಪ್ಪಿಲ್ಲದ ಕೇಪಿನವು'. ನನ್ನ ಅನುಮಾನ ಆ 'ಗೇ'ಯ ಮೇಲೆ. ಬೆಟ್ಟದಾವರೆಯಲ್ಲಿ ತಕಾರ ದಕಾರವಾದಂತೆ ಕೇಪಿನ ಕಕಾರವೂ ಗಕಾರವಾಗಬಹುದೇ, ಇಲ್ಲ ಎರವಲು ಪದವನ್ನು ಮುಟ್ಟದೆ 'ಉಪ್ಪು ಕೇಪು' ಎಂದೇ ಬಿಡಲೇ?